ಥೀಸಿಸ್ ಮುಗಿಯಿತು, ಮೊದಲ ನಮಸ್ಕಾರ ನೈಟ್ ಡ್ಯೂಟಿಯವರಿಗೆ

ಎಂಡಿ ಅನಸ್ತೇಷಿಯಾ (ಅರಿವಳಿಕೆ) ರಿಸಲ್ಟ್ ಬಂತು. ಪಾಸಾದೆ. ಫೋನ್ ಮಾಡಿದವರು, ಮೆಸೇಜ್ ಹಾಕಿದವರು ತುಂಬಾ ಜನ, ಒಬ್ಬೊಬ್ಬರಿಗೇ ಉತ್ತರ ಬರೆಯುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಅರ್ಧಕ್ಕರ್ಧ ಜನ ಕೇಳಿದ್ದು "ಥೀಸಿಸ್ ಯಾವುದರ ಮೇಲೆ ಮಾಡಿದ್ದು?" ಅಂತ. ಅದನ್ನು ಹೇಳದೆ ಥ್ಯಾಂಕ್ಸ್ ಅಂದರೆ ಯಾರಿಗೆ, ಯಾಕೆ ಅನ್ನುವುದೇ ತಿಳಿಯುವುದಿಲ್ಲ. ಸ್ವಲ್ಪ ಸಹಿಸಿಕೊಂಡು ಓದಿ.

ಭುಜದ ಆಪರೇಷನ್‌ಗೆ ಮುಂಚೆ ಕುತ್ತಿಗೆಯ ಬದಿಗೆ ಒಂದು ಇಂಜೆಕ್ಷನ್ ಕೊಡುತ್ತೇವೆ. ಅಲ್ಲಿ ಎರಡು ಸ್ನಾಯುಗಳ ಸಂದಿಯಲ್ಲಿ ಭುಜಕ್ಕೂ ಕೈಗೂ ಹೋಗುವ ನರಗಳಿವೆ. ಸ್ಕ್ಯಾನಿಂಗ್ ಪರದೆಯಲ್ಲಿ ನೋಡಿದರೆ ಮೂರು ಕಪ್ಪು ದುಂಡುಗಳು, ಟ್ರಾಫಿಕ್ ಸಿಗ್ನಲ್ ಥರ ಒಂದರ ಕೆಳಗೊಂದು. ಅವುಗಳ ಪಕ್ಕ ಔಷಧಿ ಬಿಟ್ಟರೆ ಭುಜ ಪೂರ್ತಿ ಜೋಮು ಹಿಡಿಯುತ್ತದೆ. ಇದೇ ಇಂಟರ್‌ಸ್ಕೇಲೀನ್ ಬ್ಲಾಕ್. 1970ರಲ್ಲಿ ಅಮೆರಿಕದ ಡಾಕ್ಟರ್ ಅಲೋನ್ ವಿನ್ನಿ ಇದನ್ನು ಬರೆದಾಗ ಬೆರಳಿನಲ್ಲಿ ಆ ಸಂದಿಯನ್ನು ತಡವಿ ಹುಡುಕಿ ಸೂಜಿ ಹಾಕಬೇಕಿತ್ತು. ಈಗ ಸೂಜಿಯ ತುದಿ ಕಣ್ಣೆದುರೇ ಕಾಣುತ್ತದೆ. ನನ್ನ ಪ್ರಶ್ನೆ ತೀರಾ ಸರಳ: ಜೋಮು ಹಿಡಿಸುವ ಔಷಧಿಗಳಾದ ಬುಪಿವಕೇನ್ ಮತ್ತು ರೋಪಿವಕೇನ್, ಎರಡನ್ನೂ 0.5 ಪರ್ಸೆಂಟ್, 20 ಎಂಎಲ್ ಕೊಟ್ಟರೆ ಯಾವುದು ಬೇಗ ಹಿಡಿಯುತ್ತದೆ, ಯಾವುದು ಜಾಸ್ತಿ ಹೊತ್ತು ನಿಲ್ಲುತ್ತದೆ?

ಹೊಸ ಪ್ರಶ್ನೆ ಏನಲ್ಲ. ನಮ್ಮ ರಾಜ್ಯದ ಕಾಲೇಜುಗಳ ಲೈಬ್ರರಿಯಲ್ಲಿ ಇಂಥ ಥೀಸಿಸ್‌ಗಳು ಸಾಲಾಗಿ ಕೂತಿವೆ, ನನ್ನದೂ ಇನ್ನು ಅಲ್ಲೇ ಧೂಳು ಹಿಡಿಯುತ್ತದೆ. ಪರವಾಗಿಲ್ಲ.

ಯಾಕೆ ಇವೆರಡನ್ನೇ ಹೋಲಿಸಬೇಕು ಅಂದರೆ ಅದಕ್ಕೊಂದು ಕಥೆ ಇದೆ. ಬುಪಿವಕೇನ್ ತಯಾರಾಗಿದ್ದು 1957ರಲ್ಲಿ, ಸ್ವೀಡನ್‌ನಲ್ಲಿ. ಒಳ್ಳೆ ಗಟ್ಟಿ ಔಷಧಿ, ಅಗ್ಗ, ತುಂಬಾ ಹೊತ್ತು ನಿಲ್ಲುತ್ತದೆ. ಆದರೆ ತಪ್ಪಿ ರಕ್ತನಾಳಕ್ಕೆ ಹೋದರೆ ಹೃದಯಕ್ಕೆ ಹೊಡೆತ. 1979ರಲ್ಲಿ ಜಾರ್ಜ್ ಆಲ್‌ಬ್ರೈಟ್ ಅನ್ನುವ ವೈದ್ಯರು ಇಂಥ ಔಷಧಿಗಳಿಂದ ಹೃದಯ ನಿಂತುಹೋದರೆ ಮತ್ತೆ ಹಿಂದಕ್ಕೆ ತರುವುದು ಎಷ್ಟು ಕಷ್ಟ ಅಂತ ಬರೆದ ಮೇಲೆ ಎಲ್ಲರೂ ಬೆಚ್ಚಿಬಿದ್ದರು. ಬುಪಿವಕೇನ್‌ನಲ್ಲಿ ಒಂದೇ ಅಣುವಿನ ಎಡ ರೂಪವೂ ಇದೆ, ಬಲ ರೂಪವೂ ಇದೆ, ಹೃದಯಕ್ಕೆ ಜಾಸ್ತಿ ಕಾಟ ಕೊಡುವುದು ಬಲ ರೂಪ. ರೋಪಿವಕೇನ್‌ನಲ್ಲಿ ಇರುವುದು ಎಡ ರೂಪ ಮಾತ್ರ. ಅದು 1996ರಲ್ಲಿ ಬಳಕೆಗೆ ಬಂತು. ಹೃದಯಕ್ಕೆ ಕಡಿಮೆ ಅಪಾಯ, ಆದರೆ ಬೆಲೆ ಜಾಸ್ತಿ, ನಿಲ್ಲುವುದು ಸ್ವಲ್ಪ ಕಡಿಮೆ. ಯಾವುದಕ್ಕೆ ಯಾವುದನ್ನು ಬಿಟ್ಟುಕೊಡಬೇಕು ಅನ್ನುವುದೇ ಚರ್ಚೆ.

ಈಗ ಥ್ಯಾಂಕ್ಸ್.

ಮೊದಲು ಪೋಸ್ಟ್ ಆಪ್ ವಾರ್ಡಿನ ನೈಟ್ ಡ್ಯೂಟಿ ಸಿಸ್ಟರ್‌ಗಳಿಗೆ. ಗೈಡ್ ಸರ್ ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ಗೊತ್ತು. ನನ್ನ ಥೀಸಿಸ್‌ನಲ್ಲಿ ಎಷ್ಟೋ ಟೇಬಲ್‌ಗಳಿವೆ, ಆದರೆ ನಿಜಕ್ಕೂ ಬೆಲೆ ಇರುವುದು ಒಂದೇ ಕಾಲಂಗೆ: ರೋಗಿ ಮೊದಲ ಸಲ ನೋವಿನ ಇಂಜೆಕ್ಷನ್ ಕೇಳಿದ ಸಮಯ. ಬೆಳಿಗ್ಗೆ ಹತ್ತಕ್ಕೆ ಬ್ಲಾಕ್ ಕೊಟ್ಟರೆ ರೋಪಿವಕೇನ್ ರಾತ್ರಿ ಊಟದ ಹೊತ್ತಿಗೋ ಮಲಗುವ ಹೊತ್ತಿಗೋ ಇಳಿಯಲು ಶುರುವಾಗುತ್ತದೆ. ಬುಪಿವಕೇನ್ ಹಲವರಲ್ಲಿ ನಡುರಾತ್ರಿ ದಾಟುತ್ತದೆ, ಕೆಲವರಲ್ಲಿ ಬೆಳಗಿನ ಜಾವದವರೆಗೂ ಹೋಗುತ್ತದೆ. ಆ ಹೊತ್ತಿನಲ್ಲಿ ಎಚ್ಚರ ಇದ್ದವರು ಯಾರು? ನಾನಂತೂ ಎಮರ್ಜೆನ್ಸಿ ಓಟಿಯಲ್ಲಿ ಸಿಸೇರಿಯನ್‌ಗೆ ನಿಂತಿರುತ್ತಿದ್ದೆ. ವಾರ್ಡ್ ತುಂಬಾ ರೋಗಿಗಳು, ಡ್ರಿಪ್ ಬದಲಿಸಬೇಕು, ಯಾರೋ ವಾಂತಿ ಮಾಡಿಕೊಂಡಿದ್ದಾರೆ, ಇನ್ಯಾರೋ ಎದ್ದು ಓಡಾಡುತ್ತಿದ್ದಾರೆ, ಅದರ ನಡುವೆ ನನ್ನ ಪ್ರೊಫಾರ್ಮಾ ಹಾಳೆಯಲ್ಲಿ ಟೈಮ್ ಬರೆಯಬೇಕು. "ರಾತ್ರಿ ಸುಮಾರು ಎರಡು" ಅಂತ ಬರೆದಿದ್ದರೂ ನಾನು ಏನೂ ಅನ್ನುವಂತಿರಲಿಲ್ಲ. ಇವರು "2.10, ನೋವು 5, ಬೆರಳು ಆಡಿಸುತ್ತಿದ್ದಾರೆ, ಭುಜ ಇನ್ನೂ ಭಾರ" ಅಂತ ಬರೆದರು. ಬಾಲ್ ಪೆನ್, ಕೆಂಪು ಪೆನ್, ಒಂದು ಸಲ ಪೆನ್ಸಿಲ್. ಪರೀಕ್ಷಕರು ವೈವಾದಲ್ಲಿ "ಡೇಟಾ ಚೆನ್ನಾಗಿ ತೆಗೆದಿದ್ದೀರಿ" ಅಂದರಲ್ಲ, ಆ ಮಾತು ಸೇರಬೇಕಾದ್ದು ಇವರಿಗೆ.

ಇನ್ನೊಂದು ಹೇಳಲೇಬೇಕು. ಈ ಬ್ಲಾಕ್ ಆದ ಮೇಲೆ ಕೆಲವರಿಗೆ ಆ ಬದಿಯ ಕಣ್ಣುರೆಪ್ಪೆ ಜೋಲುತ್ತದೆ, ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ದನಿ ಒಡೆಯುತ್ತದೆ. ಪಕ್ಕದ ನರಗಳಿಗೂ ಔಷಧಿ ಹರಡುವುದರಿಂದ ಹೀಗೆ, ಔಷಧಿ ಇಳಿದ ಮೇಲೆ ತಾನಾಗೇ ಸರಿಯಾಗುತ್ತದೆ. ನಾವು ಮೊದಲೇ ಹೇಳಿರುತ್ತೇವೆ, ಆದರೆ ರೋಗಿಗೆ ಹೇಳಿದ್ದು ಮನೆಯವರಿಗೆ ಗೊತ್ತಿರಬೇಕಲ್ಲ. ಒಂದು ರಾತ್ರಿ ಒಬ್ಬರ ಹೆಂಡತಿ "ಲಕ್ವ ಹೊಡೆದಿದೆ, ಕೈಯೂ ಎತ್ತುತ್ತಿಲ್ಲ, ಕಣ್ಣೂ ಬಿಡುತ್ತಿಲ್ಲ" ಅಂತ ಇಡೀ ವಾರ್ಡ್ ಎಬ್ಬಿಸಿದರು. ನಾನು ಓಡಿ ಬರುವಷ್ಟರಲ್ಲಿ ಸಿಸ್ಟರ್ ಅವರನ್ನು ಕೂರಿಸಿ, ನೀರು ಕೊಟ್ಟು, "ನೋಡಮ್ಮಾ, ಬಾಯಿ ಸೊಟ್ಟ ಆಗಿಲ್ಲ, ಕಾಲು ಆಡಿಸುತ್ತಾರೆ, ಬೆಳಿಗ್ಗೆ ಹೊತ್ತಿಗೆ ಕಣ್ಣು ಸರಿಹೋಗುತ್ತೆ" ಅಂತ ಎಲ್ಲಾ ವಿವರಿಸಿ ಮುಗಿಸಿದ್ದರು. ನಾನು ಸುಮ್ನೆ ನಿಂತು ತಲೆಯಾಡಿಸಿದೆ ಅಷ್ಟೇ.

ಆಮೇಲೆ ರೋಗಿಗಳು. ನಮ್ಮ ಕಡೆ ಭುಜ ಮುರಿದುಕೊಂಡು ಬರುವವರು ಎಂಥವರು ಗೊತ್ತಲ್ವಾ? ಬೈಕಿಂದ ಬಿದ್ದವರು, ಅಡಿಕೆ ಮರದಿಂದ ಜಾರಿದವರು, ಕಬಡ್ಡಿ ಆಡಿ ಪದೇ ಪದೇ ಭುಜ ತಪ್ಪಿಸಿಕೊಂಡ ಹುಡುಗರು. ನೋವಿನಲ್ಲಿ ಇರುವವರ ಮುಂದೆ ಕೂತು "ಎರಡು ಔಷಧಿ ಇವೆ, ನಿಮಗೆ ಯಾವುದು ಕೊಡುತ್ತೇವೆ ಅಂತ ನನಗೂ ಗೊತ್ತಿರುವುದಿಲ್ಲ" ಅಂತ ಹೇಳುವುದು ಸುಲಭ ಅಲ್ಲ. "ಗೊತ್ತಿಲ್ದೇ ಕೊಡ್ತೀರಾ ಮೇಡಮ್ಮೋರೇ?" ಅಂತ ಒಬ್ಬರು ನಕ್ಕೇಬಿಟ್ಟರು. ನಕ್ಕು, ಪೂರ್ತಿ ಕೇಳಿಸಿಕೊಂಡು, ಸಹಿ ಹಾಕಿದರು. ಬ್ಲಾಕ್ ಆದ ಮೇಲೆ ಮತ್ತೆ ಮತ್ತೆ ಅದೇ ಕಾಟ: ಸ್ಪಿರಿಟ್ ಹತ್ತಿ ಒರೆಸಿ "ತಣ್ಣಗಿದೆಯಾ?", ಸೂಜಿ ತಾಗಿಸಿ "ಚುಚ್ಚುತ್ತಾ?", "ಕೈ ಎತ್ತಿ ನೋಡೋಣ". ತಮ್ಮದೇ ಕೈ ಎತ್ತಲು ಹೋಗಿ ಅದು ಬರದಿದ್ದಾಗ ಮುಖದಲ್ಲಿ ಒಂದು ಗಾಬರಿ ಬರುತ್ತದೆ. ಇನ್ನೊಂದು ಕೈಯಲ್ಲಿ ಅದನ್ನು ಹಿಡಿದು, ಎತ್ತಿ, ಎದೆ ಮೇಲೆ ಇಟ್ಟುಕೊಳ್ಳುತ್ತಾರೆ. ಅಷ್ಟಾದರೂ ಮುಂದಿನ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟರು. ಅವರಿಗೆ ಇದರಿಂದ ಏನೂ ಲಾಭ ಇರಲಿಲ್ಲ.

ಫಲಿತಾಂಶ? ಓದಿದ್ದೇ ಬಂತು. ಹಿಡಿಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ನಿಲ್ಲುವುದರಲ್ಲಿ ಬುಪಿವಕೇನ್ ಮುಂದೆ. ಆದರೆ ಆ ಹಾಳೆಗಳನ್ನೆಲ್ಲ ಓದಿದ ಮೇಲೆ "ಜಾಸ್ತಿ ಹೊತ್ತು ನಿಂತರೆ ಒಳ್ಳೆಯದು" ಅನ್ನುವ ಮಾತು ನನಗೆ ಅಷ್ಟು ನೇರ ಅನ್ನಿಸುತ್ತಿಲ್ಲ. ಬ್ಲಾಕ್ ಇಳಿಯುವಾಗ ನೋವು ನಿಧಾನಕ್ಕೆ ಬರುವುದಿಲ್ಲ, ಒಮ್ಮೆಗೇ ಬರುತ್ತದೆ. ರಾತ್ರಿ ಒಂಬತ್ತಕ್ಕೆ ಬಂದರೆ ಮಾತ್ರೆ ಕೊಡಲು ಜನ ಇರುತ್ತಾರೆ, ಮೂರು ಗಂಟೆಗೆ ಬಂದರೆ ರೋಗಿ ಒಬ್ಬನೇ ಹಲ್ಲು ಕಚ್ಚಿಕೊಂಡು ಬೆಳಗಾಗಲಿ ಅಂತ ಕಾಯುತ್ತಾನೆ. ಹಾಗಾಗಿ ಯಾವ ಔಷಧಿಯೇ ಆಗಲಿ, ಬ್ಲಾಕ್ ಇಳಿಯುವ ಮುಂಚೆಯೇ ನೋವಿನ ಮಾತ್ರೆ ಶುರು ಮಾಡಬೇಕು. ಇದು ನನಗೆ ಹೊಳೆದದ್ದಲ್ಲ, ಪುಸ್ತಕದಲ್ಲೂ ಇದೆ, ಆದರೆ ಮೊದಲು ನನ್ನ ಕಿವಿಗೆ ಹಾಕಿದ್ದು ಒಬ್ಬ ಸಿಸ್ಟರ್. "ಡಾಕ್ಟ್ರೇ, ಇವರು ಮಲಗೋಕೆ ಮುಂಚೆ ಒಂದು ಮಾತ್ರೆ ಬರೆದುಬಿಡಿ, ಇಲ್ಲಾಂದ್ರೆ ಎರಡು ಗಂಟೆಗೆ ಕಿರುಚಾಡ್ತಾರೆ." ಅಷ್ಟೇ ಮಾತು.

ಗೈಡ್ ಸರ್‌ಗೆ ಉದ್ದ ಥ್ಯಾಂಕ್ಸ್ ಥೀಸಿಸ್ ಒಳಗೇ ಇದೆ. ಇಲ್ಲಿ ಒಂದೇ ವಿಷಯ. ಬೀಡಿ ಸೇದಿ ಶ್ವಾಸಕೋಶ ಹಾಳಾದವರನ್ನು ಸ್ಟಡಿಗೆ ತೆಗೆದುಕೊಳ್ಳಲೇಬೇಡ ಅಂತ ಮೊದಲ ದಿನವೇ ಹೇಳಿದರು. ಈ ಬ್ಲಾಕ್ ಆ ಬದಿಯ ವಪೆಯ (ಉಸಿರಾಡಿಸುವ ಸ್ನಾಯುವಿನ) ನರಕ್ಕೂ ತಾಗುತ್ತದೆ. 1991ರಲ್ಲಿ ಬಂದ ಅಧ್ಯಯನದಲ್ಲಿ, ಆಗಿನ ದೊಡ್ಡ ಪ್ರಮಾಣದ ಔಷಧಿ ಪಡೆದ ಎಲ್ಲರಲ್ಲೂ ವಪೆಯ ಆ ಅರ್ಧ ಸೋತಿತ್ತು. ಆರೋಗ್ಯವಂತರಿಗೆ ಗೊತ್ತೇ ಆಗುವುದಿಲ್ಲ, ಶ್ವಾಸ ಮೊದಲೇ ಕಷ್ಟ ಇದ್ದವರಿಗೆ ಮಾತ್ರ ಅದು ಆಟವಲ್ಲ. ಕೇಸ್ ಸಿಗದೆ ನಾನು ಒದ್ದಾಡುವಾಗಲೂ ಸರ್ ಅದನ್ನು ಸಡಿಲ ಮಾಡಲಿಲ್ಲ.

ಔಷಧಿ ಲೋಡ್ ಮಾಡಿಕೊಟ್ಟ ಜೂನಿಯರ್‌ಗೆ: ಎರಡೂ ನೀರಿನಂತೆ ತಿಳಿಯಾಗಿ ಕಾಣುತ್ತವೆ, ಯಾರಿಗೆ ಯಾವ ಔಷಧಿ ಅಂತ ಬರೆದಿದ್ದ ಕವರ್ ಒಡೆದು ನೋಡಿದ್ದು ನೀನೊಬ್ಬನೇ, ಕಾಫಿ ಕೊಡಿಸಿದರೂ ಬಾಯಿ ಬಿಡಲಿಲ್ಲ. ಒಳ್ಳೆಯದೇ ಆಯಿತು. ಓಟಿ ಟೆಕ್ನಿಷಿಯನ್ ಅಣ್ಣನಿಗೆ: ಔಷಧಿ ರಕ್ತಕ್ಕೆ ಹೋದರೆ ಬೇಕಾಗುವ 20 ಪರ್ಸೆಂಟ್ ಲಿಪಿಡ್ (ಕೊಬ್ಬಿನ ದ್ರಾವಣ) ಬಾಟಲಿಯನ್ನು ಪ್ರತಿ ಕೇಸಿಗೂ ಎಕ್ಸ್‌ಪೈರಿ ನೋಡಿ ಟ್ರಾಲಿ ಮೇಲೆ ಇಟ್ಟಿರುತ್ತಿದ್ದ. ಒಮ್ಮೆಯೂ ತೆರೆಯಬೇಕಾಗಲಿಲ್ಲ. ಆರ್ಥೋ ಸರ್‌ಗಳಿಗೆ: "ಇನ್ನೂ ಆಗಿಲ್ವಾ?" ಅಂತ ಕೇಳಿದಿರಿ, ಆದರೆ ಕಾದಿರಿ. ಆಫೀಸಿನ ಕ್ಲಾರ್ಕ್‌ಗೆ: ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಇರುವುದರಿಂದ ಕುತ್ತಿಗೆ ನೋಡುವ ಸ್ಕ್ಯಾನಿಂಗ್ ಮಷಿನ್‌ಗೂ ನೋಂದಣಿ ಬೇಕು, ಆ ಫೈಲ್ ಹಿಡಿದು ನೀವು ಓಡಾಡದಿದ್ದರೆ ನಾನೂ ಬೆರಳಿನಲ್ಲೇ ತಡವಬೇಕಿತ್ತು. ಸ್ಟಾಟಿಸ್ಟಿಕ್ಸ್ ಮೇಡಂಗೆ: ಪಿ ವ್ಯಾಲ್ಯೂ ಏನು ಅಂತ ಎಷ್ಟು ಸಲ ಕೇಳಿದರೂ ಬೈಯಲಿಲ್ಲ.

ಅಮ್ಮ, ಅಪ್ಪನಿಗೆ ಫೋನ್‌ನಲ್ಲೇ ಹೇಳಿದ್ದೇನೆ. ಅಪ್ಪ ಇದನ್ನು ಹೇಗೂ ಓದುತ್ತಾರೆ, ಓದಿ "ನನ್ನ ಭುಜಕ್ಕೆ ಯಾವುದು ಹಾಕುತ್ತೀಯಾ?" ಅಂತ ಕೇಳುತ್ತಾರೆ. ಮೊದಲು ಫಿಸಿಯೋಥೆರಪಿಗೆ ಹೋಗಿ ಅಪ್ಪಾ.

ನೈಟ್ ಡ್ಯೂಟಿ ಸಿಸ್ಟರ್‌ಗಳಿಗೆ ಸ್ವೀಟ್ ಬಾಕ್ಸ್ ಶನಿವಾರ ರಾತ್ರಿಯ ಶಿಫ್ಟಿಗೇ ತರುತ್ತೇನೆ. ಬೆಳಗಿನವರ ಕೈಗೆ ಕೊಟ್ಟರೆ ನಿಮಗೆ ಉಳಿಯುವುದಿಲ್ಲ ಅಂತ ಗೊತ್ತಿದೆ.