ನೀರಿನ ಲೆಕ್ಕಕ್ಕೆ ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯ,

ಊರವರೇ ಕೂತು ನೀರಿನ ಜಮಾಖರ್ಚು ಬರೆಯಲು ಹೊರಟಿದ್ದೀರಿ ಅಂತ ಓದಿ ಖುಷಿಯಾಯಿತು. ಆದರೆ ನೀನು ಕಳಿಸಿದ ಕರಡಿನಲ್ಲಿ ಮಳೆಗೆ ನಾಲ್ಕು ಪುಟ, ಬಳಕೆಗೆ ಅರ್ಧ ಪುಟ. ಮೊದಲ ಸಲ ನಾನೂ ಹೀಗೇ ಮಾಡಿದ್ದೆ ಮಾರಾಯ.

ಮಳೆಯ ಲೆಕ್ಕ ಸುಲಭ. 1 ಹೆಕ್ಟೇರಿನ ಮೇಲೆ 1 ಮಿ.ಮೀ. ಬಿದ್ದರೆ 10,000 ಲೀಟರ್. 500 ಹೆಕ್ಟೇರಿಗೆ 400 ಮಿ.ಮೀ. ಬಿದ್ದರೆ 200 ಕೋಟಿ ಲೀಟರ್! ಈ ಅಂಕಿ ಕೇಳಿದವರ ಮುಖ ಅರಳುತ್ತದೆ. ಆದರೆ ಒಣನಾಡಿನಲ್ಲಿ ಅದರ ಬಹುಪಾಲು ಆವಿಯ ಪಾಲು. ಗಟ್ಟಿಬಂಡೆಯ ನೆಲವಾದರೆ ಇಂಗುವುದು ನೂರಕ್ಕೆ ಹತ್ತರ ಆಸುಪಾಸು. ಸರಾಸರಿ ಮಳೆಯನ್ನೂ ನೆಚ್ಚಬೇಡ. ಯಾವುದೋ ಒಂದೆರಡು ಭಾರಿ ಮಳೆಯ ವರ್ಷಗಳು ಅದನ್ನು ಮೇಲಕ್ಕೆತ್ತಿರುತ್ತವೆ. ಬರದ ವರ್ಷವನ್ನೇ ಎದುರಿಗಿಟ್ಟುಕೊಂಡು ಬರೆ.

ನಾನು ಎಡವಿದ್ದು ಇನ್ನೊಂದು ಕಡೆ. ಕೆರೆಯಲ್ಲಿ ಇಂಗಿದ ನೀರೇ ಕೆಳಗಿನ ಬಾವಿಗೆ ಒರತೆಯಾಗಿ ಬರುತ್ತದೆ. ನಾನು ಕೆರೆಯದ್ದನ್ನೂ ಬರೆದೆ, ಬಾವಿಯದ್ದನ್ನೂ ಬರೆದೆ. ಕಾಗದದಲ್ಲಿ ನೀರು ಉಳಿದಿತ್ತು, ಬಾವಿಯಲ್ಲಿ ಇರಲಿಲ್ಲ.

ಈಗ ಬಳಕೆಗೆ ಬಾ. ಎರಡು ಸಾವಿರ ಜನಕ್ಕೆ ತಲೆಗೆ ದಿನಕ್ಕೆ 50 ಲೀಟರಿನಂತೆ ವರ್ಷಕ್ಕೆ 3.65 ಕೋಟಿ ಲೀಟರ್. ಭತ್ತದ ಗದ್ದೆಗೆ ಒಂದು ಬೆಳೆಗೆ 1,200 ಮಿ.ಮೀ. ಹಿಡಿದರೆ ಹೆಕ್ಟೇರಿಗೆ 1.2 ಕೋಟಿ. ಅಂದರೆ ಇಡೀ ಊರಿನ ವರ್ಷದ ಮನೆಬಳಕೆ ಮೂರು ಹೆಕ್ಟೇರು ಗದ್ದೆಯಲ್ಲಿ ಮುಗಿಯಿತು! ನಲ್ಲಿ ತಿರುಗಿಸಿ ನಿಲ್ಲಿಸಿ ಅಂತ ಮನೆಮನೆಗೆ ಹೇಳಿ ತಿರುಗುವ ಮುಂಚೆ ಈ ಲೆಕ್ಕವನ್ನು ಎಲ್ಲರೆದುರು ಬಿಡಿಸು.

ಬೋರ್‌ವೆಲ್ ಎಷ್ಟು ಅಂತ ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ. ಬತ್ತಿದ್ದನ್ನು ನಾಚಿಕೆಗೆ ಮುಚ್ಚಿಡುತ್ತಾರೆ, ಹೊಸದನ್ನು ಹೆದರಿಕೆಗೆ. ಹೊಲ ಸುತ್ತಿ ಎಣಿಸುವುದೊಂದೇ ದಾರಿ. 20 ಲೀಟರಿನ ಬಕೆಟ್ಟು ಎಂಟು ಸೆಕೆಂಡಿಗೆ ತುಂಬಿದರೆ ಆ ಪಂಪು ಗಂಟೆಗೆ 9,000 ಲೀಟರ್ ಎತ್ತುತ್ತದೆ. ದಿನಕ್ಕೆ ಕರೆಂಟು ಎಷ್ಟು ಹೊತ್ತು ಅನ್ನುವುದು ಎಲ್ಲರಿಗೂ ಬಾಯಿಪಾಠ. ಗುಣಿಸು, ಅಷ್ಟೆ. ಮನೆಬಳಕೆಯನ್ನು ಮಾತ್ರ ಗಂಡಸರನ್ನು ಕೇಳಬೇಡ. ಕೊಡ ಹೊತ್ತವರನ್ನು ಕೇಳು. ದನಕರು ಮರೆಯಬೇಡ. ಹನಿ ನೀರಾವರಿ ಹಾಕಿದ್ದೇವೆ, ಉಳಿತಾಯ ಆಯಿತು ಅನ್ನುವವರ ಹೊಲಕ್ಕೆ ಒಮ್ಮೆ ಹೋಗು. ಉಳಿದ ನೀರಿಗೆ ಪಕ್ಕದ ಬೀಳೂ ಹಸಿರಾಗಿರುತ್ತದೆ ಎಷ್ಟೋ ಸಲ.

ಅವಿಭಜಿತ ಆಂಧ್ರದ ಬರಪೀಡಿತ ಏಳು ಜಿಲ್ಲೆಗಳಲ್ಲಿ ರೈತರೇ ಮಳೆ, ಬಾವಿಯ ಮಟ್ಟ ಅಳೆದು, ಹಿಂಗಾರಿಗೆ ಮುಂಚೆ ಎಲ್ಲರೆದುರು ಲೆಕ್ಕ ಒಪ್ಪಿಸುತ್ತಿದ್ದರು. ಯಾರ ಮೇಲೂ ಕಟ್ಟುಪಾಡಿಲ್ಲ, ಏನು ಬೆಳೆಯಬೇಕೆಂದು ಅವರವರೇ ತೀರ್ಮಾನಿಸುತ್ತಿದ್ದರು. ಮಹಾರಾಷ್ಟ್ರದ ಹಿವರೆ ಬಜಾರ್‌ನಲ್ಲಿ ಹಾಗಲ್ಲ. ಅಲ್ಲಿ ನೀರಾವರಿಗೆ ಬೋರ್ ಕೊರೆಯುವಂತಿಲ್ಲ ಅಂತ ಊರೇ ಕಟ್ಟಳೆ ಮಾಡಿಕೊಂಡಿತು. ನಿನಗೆ ಯಾವುದು ಹೊಂದುತ್ತದೋ ನಾನು ಹೇಳಲಾರೆ; ನನ್ನ ಒಲವು ಮೊದಲನೆಯದರ ಕಡೆಗೆ. ಎರಡರಲ್ಲೂ ಹೊತ್ತು ಮುಖ್ಯ. ಬಿತ್ತಿದ ಮೇಲೆ ಲೆಕ್ಕ ಓದಿದರೆ ಕೇಳುವವರಿರುವುದಿಲ್ಲ.

ಮಳೆಗಾಲಕ್ಕೆ ಮುಂಚೆ ಬಾವಿಗಳಿಗೆ ಹಗ್ಗ ಇಳಿಸಿ ಮಟ್ಟ ಬರೆದುಕೋ, ಮಳೆ ಮುಗಿದ ಮೇಲೆ ಅದೇ ಬಾವಿಗಳಿಗೆ ಮತ್ತೊಮ್ಮೆ. ಆ ಎರಡು ಸಾಲು ಸಿಕ್ಕ ಕೂಡಲೇ ಕಳಿಸು. ಬಳಕೆಯ ಪುಟಗಳನ್ನು ಈ ಸಲ ಮೇಲಿಟ್ಟು ಕಳಿಸು.

ನಿನ್ನವನೇ