ಮಳೆ ರಜೆಗೆ ಯಾವ ಪೆಟ್ಟಿಗೆ? ಮಗಳಿಗೊಂದು ಪತ್ರ

ಶಾಂತಳ್ಳಿ
ಆಷಾಢ, ಬುಧವಾರ ಸಂಜೆ

ಪ್ರೀತಿಯ ಮಗಳೇ,

ನಿನ್ನೆ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರ ಹೇಳುವಷ್ಟರಲ್ಲಿ ಸಿಗ್ನಲ್ ಹೋಯಿತು, ಹಿಂದೆಯೇ ಕರೆಂಟೂ ಹೋಯಿತು. ಮೇಲಿನ ತೋಟದ ಸಿಲ್ವರ್ ಓಕ್ ಮರವೊಂದು ಲೈನಿನ ಮೇಲೆ ಒರಗಿದೆಯಂತೆ, ಎರಡು ದಿನವಾದರೂ ಬೇಕು ಎಂದು ಅಪ್ಪ ನೋಡಿಕೊಂಡು ಬಂದು ಹೇಳಿದರು. ಅದಕ್ಕೇ ಈ ಕಾಗದ. ಶುಕ್ರವಾರ ಅವರು ಸೋಮವಾರಪೇಟೆಗೆ ಹೋಗುವಾಗ ಅಂಚೆಗೆ ಹಾಕುತ್ತಾರೆ.

ವಿಡಿಯೋ ಗೇಮ್ ಆಡುವ ಪೆಟ್ಟಿಗೆಗಳಲ್ಲಿ ಪ್ಲೇಸ್ಟೇಷನ್ ತೆಗೆದುಕೊಳ್ಳಲೋ, ಎಕ್ಸ್‌ಬಾಕ್ಸೋ, ನಿಂಟೆಂಡೊವೋ ಎಂದು ಕೇಳಿದೆಯಲ್ಲ. ಓದುವ ಹುಡುಗಿಗೆ ಇದೆಲ್ಲ ಯಾಕೆ ಎಂದು ನಾನು ಅನ್ನುವುದಿಲ್ಲ. ಅಜ್ಜಿ ಕೊಟ್ಟದ್ದನ್ನು ಬಿಟ್ಟರೆ ಇದಕ್ಕೆಂದು ನೀನು ಕೂಡಿಟ್ಟ ಆ 40,000 ರೂಪಾಯಿ ಪೂರ್ತಿ ನಿನ್ನ ಬೆವರಿನದು. ಮೂರು ವರ್ಷ, ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ತರಗೆಲೆ ಸರಿಸಿ, ಉದುರಿದ ಕಾಫಿ ಒಂದೊಂದನ್ನೇ ಹೆಕ್ಕಿ, ಕಣದಲ್ಲಿ ಒಣಗಿಸಿ ಮಾರಿದವಳು ನೀನು. ಉಗುರಿನ ಸಂದಿಯ ಮಣ್ಣು ಹೋಗಿಸಲು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದದ್ದು ನನ್ನ ಕಣ್ಣಲ್ಲೇ ಇದೆ. ಆ ದುಡ್ಡು ತಪ್ಪು ಪೆಟ್ಟಿಗೆಗೆ ಹೋಗಬಾರದು. ಯುಗಾದಿ ರಜೆಯಲ್ಲಿ ನೀನು ಈ ಮಾತು ತೆಗೆದ ದಿನದಿಂದ ನಾನೂ ಓದಿದ್ದೇನೆ, ಕುಶಾಲನಗರದ ಅಂಗಡಿಗಳಲ್ಲಿ ವಿಚಾರಿಸಿದ್ದೇನೆ.

ನನಗೆ ಈ ವಿಷಯ ಹೊಸದೂ ಅಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಬೆಂಗಳೂರಿನಿಂದ ದೊಡ್ಡಪ್ಪ ಒಂದು ಟಿವಿ ಗೇಮ್ ತಂದಿದ್ದರು. ಜಪಾನಿನಲ್ಲಿ ನಿಂಟೆಂಡೊ 1983ರಲ್ಲಿ ಬಿಟ್ಟ ಫ್ಯಾಮಿಲಿ ಕಂಪ್ಯೂಟರಿನ ನಕಲು ಅದು ಎಂದು ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಹಳದಿ ಬಣ್ಣದ ಕ್ಯಾಸೆಟ್. ಆಟ ಬರದಿದ್ದರೆ ತೆಗೆದು, ಬಾಯಿಂದ ಊದಿ, ಮತ್ತೆ ಹಾಕುತ್ತಿದ್ದೆವು. ನಾನು ಮತ್ತು ನಿನ್ನ ಮಾವ ಸರದಿ ಮೇಲೆ ಮಾರಿಯೋ ಆಡುತ್ತಿದ್ದೆವು. ಅವನು ಸತ್ತರೆ ನನ್ನ ಸರದಿ, ನಾನು ಸತ್ತರೆ ಅವನದು. ಮರುವರ್ಷದ ಹೂಮಳೆಯ ದಿನ ಸಿಡಿಲು ಬಡಿದು ಟಿವಿಯ ಹಿಂದಿನಿಂದ ಹೊಗೆ ಬಂತು. ಪೆಟ್ಟಿಗೆ ಅಲ್ಲಿಗೆ ಮುಗಿಯಿತು. ಕಾಫಿಗೆ ಒಳ್ಳೆಯ ಮಳೆ ಎಂದು ಮನೆಯವರೆಲ್ಲ ಸಂಭ್ರಮದಲ್ಲಿದ್ದರೆ ನಾವಿಬ್ಬರೂ ಅಡುಗೆಮನೆಯ ಮೂಲೆಯಲ್ಲಿ ಅಳುತ್ತಿದ್ದೆವು. ಆ ಕ್ಯಾಸೆಟ್ ಇವತ್ತಿಗೂ ನನ್ನ ಟ್ರಂಕಿನಲ್ಲಿದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಈ ಪೆಟ್ಟಿಗೆ ಯಾಕೆ ಬೇಕು ಎಂದು ಕೇಳಿದಾಗ ನೀನು ಹೇಳಿದ್ದು, "ಮಳೆ ರಜೆಯಲ್ಲಿ ತಮ್ಮನ ಜೊತೆ ಆಡಲು" ಎಂದು. ಆ ಮಾತನ್ನೇ ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಘೋಷಿಸುವುದು ಯಾವಾಗ? ಗಾಳಿಮಳೆ ಜೋರಾದಾಗ. ನಮ್ಮಲ್ಲಿ ಕರೆಂಟ್ ಹೋಗುವುದು ಯಾವಾಗ? ಅದೇ ದಿನ. ಆಡಲು ಬಿಡುವು ಸಿಗುವ ದಿನ ಮತ್ತು ಗೋಡೆಯ ಸಾಕೆಟ್ಟಿನಲ್ಲಿ ಕರೆಂಟ್ ಇಲ್ಲದ ದಿನ ನಮಗೆ ಒಂದೇ. ಚಿತ್ರದ ಗುಣಮಟ್ಟ, ವೇಗ ಎಂದು ಎಲ್ಲರೂ ಹೋಲಿಸುತ್ತಾರೆ. ಆ ಹೋಲಿಕೆಯೆಲ್ಲ ಕರೆಂಟ್ ಇರುವ ಊರಿನದು.

ಇನ್ವರ್ಟರ್ ಇದೆಯಲ್ಲ ಎಂದು ನೀನು ಕೇಳುತ್ತೀಯೆ ಎಂದು ಲೆಕ್ಕ ಹಾಕಿ ನೋಡಿದೆ. ನಮ್ಮದು 12 ವೋಲ್ಟಿನ, 150 ಆಂಪಿಯರ್ ಅವರ್ ಬ್ಯಾಟರಿ. ಕಾಗದದ ಮೇಲೆ 1800 ವ್ಯಾಟ್ ಅವರ್. ನಿಜದಲ್ಲಿ ಅಷ್ಟು ಕೊಡುವುದಿಲ್ಲ. ಪ್ಲೇಸ್ಟೇಷನ್ 5 ದೊಡ್ಡ ಆಟ ಆಡುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ. ಟಿವಿ ಸೇರಿದರೆ ನಾಲ್ಕೈದು ಗಂಟೆಯಲ್ಲಿ ಬ್ಯಾಟರಿ ಖಾಲಿ, ಆಮೇಲೆ ಅಜ್ಜಿಯ ಕೋಣೆಗೆ ರಾತ್ರಿ ದೀಪವಿಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಇದರ ಅರ್ಧಕ್ಕಿಂತ ಕಡಿಮೆ ಕುಡಿಯುತ್ತದೆ, ಆದರೂ ಅದಕ್ಕೂ ಟಿವಿ ಬೇಕೇ ಬೇಕು. ನಿಂಟೆಂಡೊ ಸ್ವಿಚ್‌ಗೆ ತನ್ನದೇ ಪರದೆ, ತನ್ನದೇ ಬ್ಯಾಟರಿ. 2019ರ ನಂತರದ ಮಾದರಿಯಲ್ಲಿ ಆಟಕ್ಕೆ ತಕ್ಕಂತೆ ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರುತ್ತದೆ. ಮುಗಿದರೆ ಫೋನಿನ ಹಾಗೆ ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಬಹುದು.

ಎರಡನೆಯದು ಇಂಟರ್ನೆಟ್. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಪ್ಲೇಸ್ಟೇಷನ್‌ಗಿಂತ ಅಗ್ಗ ಎಂದು ನಿನ್ನ ಗೆಳತಿ ಹೇಳಿದ್ದು ಸುಳ್ಳಲ್ಲ. 2020ರ ನವೆಂಬರಿನಲ್ಲಿ ನಮ್ಮ ದೇಶಕ್ಕೆ ಬಂದಾಗ ಅದರ ಬೆಲೆ 34,990. ಕೆಲವೇ ತಿಂಗಳ ನಂತರ ಬಂದ ಡಿಸ್ಕಿನ ಪ್ಲೇಸ್ಟೇಷನ್ 5ಕ್ಕೆ 49,990. ಗೇಮ್ ಪಾಸ್‌ಗೆ ಚಂದಾ ಕಟ್ಟಿದರೆ ನೂರಾರು ಆಟ, ಗ್ರಂಥಾಲಯವಿದ್ದ ಹಾಗೆ. ಆದರೆ ಸೀರೀಸ್ ಎಸ್‌ಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ, ಪ್ರತಿ ಆಟವನ್ನೂ ಇಳಿಸಿಕೊಳ್ಳಬೇಕು. ಈಗಿನ ದೊಡ್ಡ ಆಟ 100 ಜಿಬಿ ಇರುವುದು ಮಾಮೂಲು. ನಮ್ಮ ಮನೆಗೆ ಒಳ್ಳೆಯ ದಿನ 10 ಎಂಬಿಪಿಎಸ್ ವೇಗ ಬಂದರೂ ಒಂದು ಆಟ ಇಳಿಯಲು 22 ಗಂಟೆ ಬೇಕು, ಅದೂ ನಡುವೆ ಒಮ್ಮೆಯೂ ಕಡಿಯದಿದ್ದರೆ. ಮಳೆಗಾಲದಲ್ಲಿ ನಮ್ಮ ಇಂಟರ್ನೆಟ್ ಹೇಗಿರುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ಆ ಗ್ರಂಥಾಲಯದ ಬಾಗಿಲು ನಮಗೆ ವರ್ಷದ ಅರ್ಧದಷ್ಟು ದಿನ ಮುಚ್ಚಿಯೇ ಇರುತ್ತದೆ.

ಪ್ಲೇಸ್ಟೇಷನ್ ಬಗ್ಗೆ ನನಗೆ ನಿಜವಾದ ಗೌರವವಿದೆ. ಅದು ಹುಟ್ಟಿದ ಕಥೆ ನಿನಗೆ ಗೊತ್ತೇ? ಸೋನಿ ಮತ್ತು ನಿಂಟೆಂಡೊ ಸೇರಿ ಸಿಡಿ ಹಾಕುವ ಯಂತ್ರ ಮಾಡುತ್ತೇವೆ ಎಂದು 1991ರಲ್ಲಿ ಷಿಕಾಗೋದ ಮೇಳದಲ್ಲಿ ಸೋನಿ ಪ್ರಕಟಿಸಿತು. ಮಾರನೆಯ ದಿನವೇ ನಿಂಟೆಂಡೊ ತಾನು ಫಿಲಿಪ್ಸ್ ಜೊತೆ ಹೋಗುವುದಾಗಿ ಹೇಳಿಬಿಟ್ಟಿತು. ಹಾಗೆ ಪಾಲಾದ ಮೇಲೆ ಸೋನಿ ಒಂಟಿಯಾಗಿ ನಿಂತು 1994ರ ಡಿಸೆಂಬರಿನಲ್ಲಿ ಮೊದಲ ಪ್ಲೇಸ್ಟೇಷನ್ ತಂದಿತು. ಆ ಛಲ ನನಗೆ ಇಷ್ಟ. ಡಿಸ್ಕ್ ಡ್ರೈವ್ ಇರುವ ಮಾದರಿಯಾದರೆ ಹಾಸ್ಟೆಲ್ಲಿನಲ್ಲಿ ಡಿಸ್ಕ್ ಬದಲಾಯಿಸಿಕೊಳ್ಳಬಹುದು, ಆಡಿ ಮುಗಿದದ್ದನ್ನು ಮಾರಬಹುದು; ಹೊಸ ಆಟಕ್ಕೆ ನಾಲ್ಕೈದು ಸಾವಿರ ಕೊಡಬೇಕಾದಲ್ಲಿ ಇದು ಸಣ್ಣ ಮಾತಲ್ಲ. ನೀನು ಮುಂದೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕೆ ಸೇರಿ ಮನೆ ಮಾಡಿದರೆ ಅದನ್ನೇ ತೆಗೆದುಕೋ ಎನ್ನುತ್ತೇನೆ. ಈ ಮನೆಗೆ, ಈ ಮಳೆಗೆ ಅದು ಬೇಡ. ತೇವದ ಭಯವೂ ಇದೆ ನನಗೆ. ಆಷಾಢದಲ್ಲಿ ಅಪ್ಪನ ಬೆಲ್ಟಿಗೆ ವಾರದಲ್ಲಿ ಬೂಷ್ಟು ಬರುತ್ತದೆ. ಫ್ಯಾನಿನಿಂದ ಹೊರಗಿನ ಗಾಳಿ ಎಳೆದುಕೊಳ್ಳುವ ಅಷ್ಟು ದೊಡ್ಡ ಪೆಟ್ಟಿಗೆಯನ್ನು ಟಿವಿ ಪಕ್ಕ ಇಟ್ಟು ಹೇಗೆ ಕಾಪಾಡುವುದು? ಸ್ವಿಚ್‌ನಲ್ಲೂ ಸಣ್ಣ ಫ್ಯಾನ್ ಇದೆ, ಆದರೆ ಆಡಿದ ಮೇಲೆ ಅದನ್ನು ರೇಷ್ಮೆ ಸೀರೆಗಳಿಗೆಂದು ಬಲ್ಬ್ ಉರಿಸಿಡುವ ಬೀರುವಿನೊಳಗೆ ಇಡಬಹುದು.

ಹಾಗಾದರೆ ಸ್ವಿಚ್. ಆದರೆ ಅದರಲ್ಲೂ ಎಚ್ಚರ ಬೇಕು. ನಿಂಟೆಂಡೊ ಅದನ್ನು ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಿಲ್ಲ, ಹೊರಗಿನಿಂದ ತರಿಸಿ ಮಾರುವವರೇ ಎಲ್ಲ. ಕೆಟ್ಟರೆ ಕಂಪನಿ ವಾರಂಟಿ ಇಲ್ಲ. ಅಂಗಡಿಯವನು ತಾನೇ ಎಷ್ಟು ತಿಂಗಳ ಹೊಣೆ ಹೊರುತ್ತಾನೆ ಎಂದು ಬಿಲ್ಲಿನ ಮೇಲೆ ಬರೆಸಿಕೋ, ಬಾಯಿಮಾತಿಗೆ ಒಪ್ಪಬೇಡ. ಜಾಯ್-ಕಾನ್ ಎನ್ನುವ ಅದರ ಹಿಡಿಗಳಲ್ಲಿ ಬೆರಳಿನಿಂದ ಆಡಿಸುವ ಕಡ್ಡಿ ಕಾಲಕ್ರಮದಲ್ಲಿ ಮುಟ್ಟದಿದ್ದರೂ ತಾನೇ ಸರಿದಂತೆ ವರ್ತಿಸುತ್ತದೆ ಎಂಬ ದೂರು ಲೋಕಕ್ಕೆಲ್ಲ ಗೊತ್ತಿರುವುದು. 15 ಕೋಟಿಗೂ ಹೆಚ್ಚು ಮಾರಾಟವಾದ ಯಂತ್ರವಾದ್ದರಿಂದ ಬಿಡಿಭಾಗ ಸಿಗುತ್ತದೆ, ಮೈಸೂರಿನಲ್ಲಿ ರಿಪೇರಿ ಮಾಡುವವರು ಯಾರು ಎಂದು ಕೊಳ್ಳುವ ಮೊದಲೇ ಹುಡುಕಿಟ್ಟುಕೋ.

ಸ್ವಿಚ್ ಲೈಟ್ ಎಂಬ ಚಿಕ್ಕ ಮಾದರಿ ಅಗ್ಗ ಎಂದು ತೋರಿಸಿದರೆ ಬೇಡ ಎನ್ನು. ಅದರ ಹಿಡಿಗಳು ಬಿಚ್ಚಿಕೊಳ್ಳುವುದಿಲ್ಲ, ಟಿವಿಗೂ ಜೋಡಿಸಲಾಗುವುದಿಲ್ಲ. ಮಾಮೂಲಿ ಸ್ವಿಚ್ಚಿನಲ್ಲಿ ಎರಡು ಹಿಡಿ ಬಿಚ್ಚಿ ಅಕ್ಕನಿಗೊಂದು ತಮ್ಮನಿಗೊಂದು ಕೊಟ್ಟು, ಪರದೆಯನ್ನು ಊಟದ ಮೇಜಿನ ಮೇಲೆ ನಿಲ್ಲಿಸಿದರೆ ಆಯಿತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ನಾನೂ ನಿನ್ನ ಮಾವನೂ ಸರದಿಗೆ ಕಾಯುತ್ತಿದ್ದೆವು, ನೀವು ಕಾಯಬೇಕಾಗಿಲ್ಲ.

2025ರ ಜೂನಿನಲ್ಲಿ ಸ್ವಿಚ್ 2 ಬಂದಿದೆ, ಅದನ್ನೂ ತೋರಿಸುತ್ತಾರೆ. ಚಿತ್ರ ಚೆನ್ನಾಗಿದೆ, ಹಳೆಯ ಆಟಗಳಲ್ಲಿ ಹೆಚ್ಚಿನವು ಅದರಲ್ಲಿ ನಡೆಯುತ್ತವೆ. ಆದರೆ ಬ್ಯಾಟರಿ ಎರಡರಿಂದ ಆರೂವರೆ ಗಂಟೆ ಮಾತ್ರ. ಅಲ್ಲದೆ ಅದರ ಕೆಲವು ಆಟಗಳು ಗೇಮ್-ಕೀ ಕಾರ್ಡ್ ಎಂಬ ರೂಪದಲ್ಲಿ ಬರುತ್ತವೆ. ಕಾರ್ಡಿನಲ್ಲಿ ಆಟ ಇರುವುದಿಲ್ಲ, ಬೀಗದ ಕೈ ಮಾತ್ರ. ಆಟವನ್ನು ಇಂಟರ್ನೆಟ್ಟಿನಿಂದಲೇ ಇಳಿಸಿಕೊಳ್ಳಬೇಕು. ಡಬ್ಬಿಯ ಮುಂಭಾಗದ ಕೆಳಗೆ ಹಾಗೆಂದು ಬರೆದಿರುತ್ತದೆ, ಓದದೆ ದುಡ್ಡು ಕೊಡಬೇಡ. ನನ್ನ ಮಟ್ಟಿಗೆ ಸ್ವಿಚ್ 2 ಅಲ್ಲ, ಮೊದಲಿನ ಸ್ವಿಚ್ಚೇ, ಸಾಧ್ಯವಾದರೆ ದೊಡ್ಡ ಪರದೆಯ ಓಎಲ್‌ಇಡಿ ಮಾದರಿ, ಅದರ ಜೊತೆ ಇಬ್ಬರು ಸೇರಿ ಆಡುವ ಎರಡು ಆಟ. ಉಳಿದದ್ದು ಬ್ಯಾಂಕಿನಲ್ಲಿರಲಿ.

ನಿನ್ನ ಗೆಳತಿಯರ ಬಳಿ ಪ್ಲೇಸ್ಟೇಷನ್ ಇದೆ, ಅವರ ಜೊತೆ ಆನ್‌ಲೈನಿನಲ್ಲಿ ಫುಟ್‌ಬಾಲ್ ಆಡಲು ಆಗುವುದಿಲ್ಲ ಎಂಬ ಬೇಸರ ನಿನಗೆ ಇದ್ದೇ ಇರುತ್ತದೆ, ಗೊತ್ತು. ಅವರ ರೂಮಿಗೆ ಹೋಗಿ ಆಡು. ಕೊನೆಗೆ ದುಡ್ಡು ನಿನ್ನದು, ನೀನು ಬೇರೆಯದನ್ನು ತಂದರೂ ನಾನು ಮುಖ ಸಿಂಡರಿಸುವುದಿಲ್ಲ.

ಮೊಂಬತ್ತಿ ಮುಗಿಯುತ್ತಾ ಬಂತು. ನಿನ್ನ ತಮ್ಮ ಇಷ್ಟು ಹೊತ್ತೂ ಪಕ್ಕದಲ್ಲೇ ಕುಳಿತು, ನಾನು ಬರೆದದ್ದನ್ನು ಒಂದೊಂದೇ ಸಾಲು ಓದಿಸಿಕೊಂಡಿದ್ದಾನೆ. ಅವನ ಮಾತನ್ನೂ ಸೇರಿಸಬೇಕಂತೆ: ಕೆಂಪು ಹಿಡಿ ಅವನಿಗೆ, ನೀಲಿ ನಿನಗೆ.

ಇಂತಿ ನಿನ್ನ
ಅಮ್ಮ