ಸೆಲ್ಮಾದ ಇಬ್ಬರು ಆಟಗಾರರು

ಕೇಂಬ್ರಿಜ್, ಮ್ಯಾಸಚೂಸೆಟ್ಸ್
ಮೇ 18

ತೀರ್ಥರೂಪ ಅಪ್ಪನವರ ಚರಣಗಳಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮವಾಗಿದ್ದೇನೆ. ಅವ್ವನ ಮೊಣಕಾಲು ನೋವು ಕಡಿಮೆಯಾಗಿದೆಯೆಂದು ನಿಮ್ಮ ಪತ್ರದಿಂದ ತಿಳಿದು ಸಮಾಧಾನವಾಯಿತು.

ಈ ದೇಶದ ಕಾಲೇಜುಗಳಲ್ಲಿ ಆಟಕ್ಕೆ ಇಷ್ಟು ಮಹತ್ವ ಬಂದದ್ದು ಹೇಗೆ, ಅಲ್ಲಿ ಆಡಿದ ಹಳಬರಲ್ಲಿ ಯಾರ ಬಗ್ಗೆಯಾದರೂ ಓದಿದ್ದರೆ ಬರೆ ಎಂದು ಕೇಳಿದ್ದಿರಿ. ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಸೀಟಿ ಊದಿದ ಡ್ರಿಲ್ ಮಾಸ್ತರರಿಗೆ ಉತ್ತರ ಬರೆಯುವುದೆಂದರೆ ಪರೀಕ್ಷೆಗೆ ಕುಳಿತ ಹಾಗೆಯೇ. ಅದಕ್ಕಾಗಿ ಮೂರು ವಾರ ತಡಮಾಡಿದೆ. ನಾನು ಆರಿಸಿಕೊಂಡ ಆಟಗಾರರ ಹೆಸರು ವಿಲಿಯಂ ಕ್ಲಾರೆನ್ಸ್ ಮ್ಯಾಥ್ಯೂಸ್. ಹಾರ್ವರ್ಡ್ ವಿಶ್ವವಿದ್ಯಾಲಯದ ಪರವಾಗಿ ಫುಟ್‌ಬಾಲ್ ಮತ್ತು ಬೇಸ್‌ಬಾಲ್ ಎರಡನ್ನೂ ಆಡಿದವರು, 1901ರಿಂದ 1905ರವರೆಗೆ ಅಲ್ಲಿ ಓದಿದವರು. ಈಶಾನ್ಯ ಭಾಗದ ಎಂಟು ಹಳೆಯ ವಿಶ್ವವಿದ್ಯಾಲಯಗಳ ಐವಿ ಲೀಗ್‌ನಲ್ಲಿ ಬೇಸ್‌ಬಾಲ್ ಗೆದ್ದ ತಂಡಕ್ಕೆ ಕೊಡುವ ಟ್ರೋಫಿಗೆ 2006ರಿಂದ ಅವರದೇ ಹೆಸರಿದೆ. ಕಳೆದ ತಿಂಗಳು ನದಿಯ ಆಚೆ ದಡದಲ್ಲಿ ಒಂದು ಪಂದ್ಯ ನೋಡಲು ಹೋದಾಗ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಆ ಹೆಸರನ್ನು ಹೇಳಿದರು. ಅಂದಿನಿಂದ ನಾನು ಬಿಡುವಾದಾಗಲೆಲ್ಲ ಅವರ ಬಗ್ಗೆಯೇ ಓದುತ್ತಿದ್ದೇನೆ.

ಮ್ಯಾಥ್ಯೂಸ್ ಹುಟ್ಟಿದ್ದು 1877ರಲ್ಲಿ, ದಕ್ಷಿಣದ ಅಲಬಾಮಾ ರಾಜ್ಯದ ಸೆಲ್ಮಾ ಎಂಬ ಊರಿನಲ್ಲಿ. ಗುಲಾಮಗಿರಿ ಕಾನೂನಿನಿಂದ ಹೋಗಿ ಆಗ ಹನ್ನೆರಡು ವರ್ಷವಾಗಿತ್ತು, ಅಷ್ಟೆ. ಕಪ್ಪು ಜನರ ಮಕ್ಕಳಿಗಾಗಿ ಬೂಕರ್ ಟಿ. ವಾಷಿಂಗ್ಟನ್ ಕಟ್ಟಿದ ಟಸ್ಕೀಗಿ ಸಂಸ್ಥೆಯಲ್ಲಿ ಓದಿ, ಅಲ್ಲಿಯೇ ಎರಡೂ ಆಟಗಳಲ್ಲಿ ಮುಂದಾಳಾಗಿ, ಆ ಗುರುಗಳ ನೆರವಿನಿಂದ ಮ್ಯಾಸಚೂಸೆಟ್ಸಿನ ಆಂಡೋವರ್‌ನಲ್ಲಿರುವ ಫಿಲಿಪ್ಸ್ ಅಕಾಡೆಮಿಗೆ ಬಂದರು, ಅಲ್ಲಿಂದ ಹಾರ್ವರ್ಡಿಗೆ. ಮೈಕಟ್ಟು ದೊಡ್ಡದಲ್ಲ. ಖರ್ಚಿಗಾಗಿ ರಜೆಯ ದಿನಗಳಲ್ಲಿ ಹೋಟೆಲುಗಳಲ್ಲಿ, ರೈಲಿನ ಪುಲ್‌ಮನ್ ಗಾಡಿಗಳಲ್ಲಿ ದುಡಿಯುತ್ತಿದ್ದರು. ಹಣಕ್ಕಾಗಿ ಬೇಸ್‌ಬಾಲ್ ಆಡಿದ್ದರೆ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು, ಆದರೆ ಹಾಗೆ ಆಡಿದವರಿಗೆ ಕಾಲೇಜಿನ ತಂಡದಲ್ಲಿ ಜಾಗವಿರಲಿಲ್ಲ.

ಫುಟ್‌ಬಾಲ್ ಎಂದಾಗ ನಮ್ಮ ಫುಟ್‌ಬಾಲ್ ನೆನಪಿಸಿಕೊಳ್ಳಬೇಡಿ. ಇದು ಚೆಂಡನ್ನು ಅವುಚಿ ಹಿಡಿದು ಎದುರಾಳಿಗಳ ಗುಂಪಿಗೆ ನುಗ್ಗುವ ಆಟ. ಆ ಕಾಲದಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿಯೂ ಇರಲಿಲ್ಲವಾದ್ದರಿಂದ, ಮೂರು ಯತ್ನಗಳಲ್ಲಿ ಐದು ಗಜ ಮುಂದೆ ಸಾಗುವುದಕ್ಕೆ ಹನ್ನೊಂದು ಜನ ಹನ್ನೊಂದು ಜನರ ಮೇಲೆ ಬೀಳುವುದೊಂದೇ ದಾರಿಯಾಗಿತ್ತು. ಕೈಕಾಲು ಮುರಿಯುವುದು ಮಾಮೂಲು, ಸತ್ತವರೂ ಇದ್ದರು. 1905ರಲ್ಲಿ ಸ್ವತಃ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್, ಅವರೂ ಹಾರ್ವರ್ಡಿನ ಹಳೆಯ ವಿದ್ಯಾರ್ಥಿ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಫುಟ್‌ಬಾಲ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸರಿಪಡಿಸಿರೆಂದು ಹೇಳಬೇಕಾಯಿತು. ಮರುವರ್ಷ ನಿಯಮಗಳು ಬದಲಾದವು. ಮ್ಯಾಥ್ಯೂಸ್ ಆಡಿದ್ದು ಅದಕ್ಕೆ ಮೊದಲಿನ ಒರಟು ಫುಟ್‌ಬಾಲನ್ನು. 1903ರಲ್ಲಿ ಕಾಂಕ್ರೀಟಿನಿಂದ ಕುದುರೆ ಲಾಳದ ಆಕಾರದಲ್ಲಿ ಕಟ್ಟಿದ ಇಲ್ಲಿನ ಕ್ರೀಡಾಂಗಣ ಇಂದಿಗೂ ಗಟ್ಟಿಮುಟ್ಟಾಗಿ ನಿಂತಿದೆ. ಮೊನ್ನೆ ಭಾನುವಾರ ಅದರ ಮೆಟ್ಟಿಲುಗಳ ಮೇಲೆ ಒಂದು ಗಂಟೆ ಸುಮ್ಮನೆ ಕುಳಿತು ಬಂದೆ.

ಆಗ ಹಾರ್ವರ್ಡಿನ ಫುಟ್‌ಬಾಲ್ ತರಬೇತುದಾರರಲ್ಲಿ ಒಬ್ಬರಾಗಿದ್ದ ವಿಲಿಯಂ ಹೆನ್ರಿ ಲೂಯಿಸ್ ಅವರ ವಿಷಯವನ್ನು ಇಲ್ಲಿ ಹೇಳಲೇಬೇಕು. ಅವರೂ ಕಪ್ಪು ವರ್ಣದವರು, ಗುಲಾಮರಾಗಿದ್ದ ತಂದೆತಾಯಿಗಳ ಮಗ. 1892 ಮತ್ತು 1893ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಫುಟ್‌ಬಾಲ್ ಆಟಗಾರರ ಪಟ್ಟಿಗೆ ಸೇರಿದವರು, ವೃತ್ತಿಯಿಂದ ವಕೀಲರು. 1893ರಲ್ಲಿ, ಅಂಥ ಹೆಸರು ಗಳಿಸಿದ ಕಾಲದಲ್ಲಿಯೇ, ಈ ಕೇಂಬ್ರಿಜ್ ಊರಿನ ಕ್ಷೌರದಂಗಡಿಯೊಂದರಲ್ಲಿ ಅವರಿಗೆ ಕ್ಷೌರ ಮಾಡುವುದಿಲ್ಲವೆಂದರು. ಲೂಯಿಸ್ ಶಾಸನಸಭೆಯವರೆಗೆ ಹೋಗಿ, ಸಾರ್ವಜನಿಕ ಸ್ಥಳಗಳಲ್ಲಿ ಸಮಾನತೆಯ ಕಾನೂನಿಗೆ ಕ್ಷೌರದಂಗಡಿಯನ್ನೂ ಸೇರಿಸುವಂತೆ ಮಾಡಿದರು. ಇದನ್ನು ಓದುವಾಗ ನಿಮಗೆ ನೆನಪಾಗುವ ಊರುಗಳ ಹೆಸರುಗಳು ನನಗೂ ನೆನಪಾದವು, ಅಪ್ಪ. ಅಲ್ಲಿ ಇನ್ನೂ ಅಂಥ ಅಂಗಡಿಗಳಿವೆಯೆಂದು ಆಗಾಗ ಪತ್ರಿಕೆಗಳಲ್ಲಿ ನೋಡುತ್ತೇನೆ.

ಮ್ಯಾಥ್ಯೂಸ್ ಅವರ ನಿಜವಾದ ಪ್ರತಿಭೆ ಇದ್ದದ್ದು ಬೇಸ್‌ಬಾಲ್‌ನಲ್ಲಿ. ಅವರು ಶಾರ್ಟ್‌ಸ್ಟಾಪ್, ಎಂದರೆ ಓಡುವವನು ಒಂದೊಂದಾಗಿ ಮುಟ್ಟಬೇಕಾದ ಗುರುತುಗಳಾದ ಬೇಸುಗಳಲ್ಲಿ ಎರಡನೆಯ ಮತ್ತು ಮೂರನೆಯದರ ನಡುವೆ ನಿಲ್ಲುವ ಕ್ಷೇತ್ರರಕ್ಷಕ. ಬಲಗೈ ಆಟಗಾರರು ಬೀಸಿದ ಹೊಡೆತಗಳಲ್ಲಿ ಹೆಚ್ಚಿನವು ಅವನತ್ತಲೇ ನುಗ್ಗಿಬರುತ್ತವೆ. ನೆಲಕ್ಕೆ ಅಂಟಿಕೊಂಡು ಬರುವ ಚೆಂಡನ್ನು ಬಾಗಿ ಹಿಡಿದು, ನೆಟ್ಟಗಾಗುವ ಮೊದಲೇ ಮೈದಾನದ ಆಚೆ ಬದಿಗೆ ಎಸೆಯಬೇಕು. ಕವರ್ಸ್‌ನಲ್ಲಿ ನಿಲ್ಲಲು ಹುಡುಗರನ್ನು ಆರಿಸುವಾಗ ನೀವು ಅವರ ಕೈಗಿಂತ ಮೊದಲು ಪಾದಗಳನ್ನು ನೋಡುತ್ತಿದ್ದಿರಲ್ಲ, ಇಲ್ಲಿಯೂ ಶಾರ್ಟ್‌ಸ್ಟಾಪನ್ನು ಹಾಗೆಯೇ ಆರಿಸುತ್ತಾರಂತೆ. ಬ್ಯಾಟಿಂಗ್ ಸರಾಸರಿಯ ಲೆಕ್ಕ ನಮ್ಮದಕ್ಕಿಂತ ಬೇರೆ: ಎಷ್ಟು ಸಲ ಹೊಡೆಯಲು ನಿಂತು ಎಷ್ಟು ಸಲ ಹೊಡೆತದಿಂದಲೇ ಬೇಸು ತಲುಪಿದ ಎಂಬುದೇ ಸರಾಸರಿ. ಹತ್ತಕ್ಕೆ ಮೂರು ಸಲ ತಲುಪಿದವನನ್ನು ಒಳ್ಳೆಯ ಆಟಗಾರನೆನ್ನುತ್ತಾರೆ. 1905ರಲ್ಲಿ, ತಮ್ಮ ಕೊನೆಯ ವರ್ಷದಲ್ಲಿ, ಮ್ಯಾಥ್ಯೂಸ್ ಹತ್ತಕ್ಕೆ ನಾಲ್ಕು ಸಲ ತಲುಪಿದ್ದರು. 22 ಬೇಸುಗಳನ್ನು ಕದ್ದಿದ್ದರು. ಕದಿಯುವುದೆಂದರೆ, ಎದುರಾಳಿ ಚೆಂಡೆಸೆಯುವ ಕ್ಷಣದಲ್ಲಿ, ಯಾರೂ ಹೊಡೆಯದಿದ್ದರೂ ಮುಂದಿನ ಬೇಸಿಗೆ ಓಡಿ ಮುಟ್ಟುವುದು. ಅವರು ಆಡಿದ ನಾಲ್ಕು ವರ್ಷಗಳಲ್ಲಿ ಹಾರ್ವರ್ಡ್ 75 ಪಂದ್ಯಗಳನ್ನು ಗೆದ್ದು ಸೋತದ್ದು 18ನ್ನು ಮಾತ್ರ.

ಇಷ್ಟು ಅಂಕಿಗಳನ್ನು ನೋಡಿದ ಮೇಲೆ, ನಿಮ್ಮ ತಂಡಗಳ ಸ್ಕೋರ್ ಪುಸ್ತಕ ಬರೆದು ಬೆಳೆದ ನನಗೆ, ಅಂಕಿಗಳಲ್ಲಿ ಇಲ್ಲದ ಪಂದ್ಯಗಳ ಮೇಲೆ ಕಣ್ಣು ಹೋಯಿತು. ವಸಂತದಲ್ಲಿ ಹಾರ್ವರ್ಡ್ ತಂಡ ದಕ್ಷಿಣದ ರಾಜ್ಯಗಳಿಗೆ ಪ್ರವಾಸ ಹೋಗುವ ರೂಢಿಯಿತ್ತು. ಮ್ಯಾಥ್ಯೂಸ್ ತಂಡಕ್ಕೆ ಬಂದ ಮೊದಲ ವರ್ಷ ವರ್ಜೀನಿಯಾ ವಿಶ್ವವಿದ್ಯಾಲಯದವರೂ ಅನಾಪೊಲಿಸ್‌ನ ನೌಕಾ ಅಕಾಡೆಮಿಯವರೂ ಕಪ್ಪು ಆಟಗಾರನ ಎದುರು ಆಡುವುದಿಲ್ಲವೆಂದಾಗ, ಹಾರ್ವರ್ಡ್ ಒಪ್ಪಿಕೊಂಡು ಅವರನ್ನು ಹೊರಗೆ ಕೂರಿಸಿತು. ಇಂದು ಅವರ ಹೆಸರನ್ನು ಗೌರವದಿಂದ ಹೇಳುವವರು ಈ ಸಂಗತಿಯನ್ನು ಬೇಗನೆ ದಾಟಿಕೊಂಡು, ಮುಂದೆ ಹಾರ್ವರ್ಡ್ ಅಂಥ ಒತ್ತಾಯಕ್ಕೆ ಮಣಿಯದೆ ದಕ್ಷಿಣದ ಪ್ರವಾಸವನ್ನೇ ಕೈಬಿಟ್ಟಿತೆಂಬ ಮಾತಿಗೆ ಬರುತ್ತಾರೆ. ಅದೂ ನಿಜವೇ, ಮೆಚ್ಚಬೇಕಾದದ್ದೇ. ಆದರೆ ಆ ಎರಡು ಪಂದ್ಯಗಳ ಸ್ಕೋರ್ ಬರೆದವನು ಶಾರ್ಟ್‌ಸ್ಟಾಪಿನ ಸಾಲಿನಲ್ಲಿ ಇನ್ನೊಬ್ಬನ ಹೆಸರು ಬರೆದು ಸುಮ್ಮನಾಗಿರಬೇಕು. ಏಕೆ ಎಂದು ಬರೆಯಲು ಆ ಹಾಳೆಯಲ್ಲಿ ಅಂಕಣವಿರುವುದಿಲ್ಲ.

ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಪ್ರಸಂಗ ಮಾತ್ರ ನನ್ನನ್ನು ಬಹಳ ದಿನ ಕಾಡಿತು. ಆ ತಂಡದ ಕ್ಯಾಚರ್, ಎಂದರೆ ನಮ್ಮ ವಿಕೆಟ್ ಕೀಪರನಂತೆ ಹೊಡೆಯುವವನ ಹಿಂದೆ ನಿಂತು ಚೆಂಡು ಹಿಡಿಯುವವ, ಆಗಿದ್ದ ಸ್ಯಾಮ್ ಅಪೀರಿಯಸ್ ಎಂಬ ಬಿಳಿಯ ಆಟಗಾರ, ಮ್ಯಾಥ್ಯೂಸ್ ಆಡುವ ಪಂದ್ಯದಲ್ಲಿ ತಾನು ಮೈದಾನಕ್ಕಿಳಿಯುವುದಿಲ್ಲವೆಂದು ಹೇಳಿ ಹೊರಗುಳಿದ. ಆತನೂ ಅಲಬಾಮಾದವನೇ, ಅದೇ ಸೆಲ್ಮಾ ಊರಿನವನೇ! ಒಂದೇ ಊರಿನ ಇಬ್ಬರು, ಒಂದೇ ಆಟದಲ್ಲಿ ಪಳಗಿ, ನೂರಾರು ಮೈಲಿ ದೂರದ ದೊಡ್ಡ ವಿದ್ಯಾಲಯಗಳಿಗೆ ಬಂದು ಎದುರಾದರೆ, ಬೇರೆ ಯಾರೇ ಆಗಿದ್ದರೂ ಪಂದ್ಯ ಮುಗಿದ ಮೇಲೆ ಊರಿನ ಸುದ್ದಿ ಕೇಳಿಕೊಳ್ಳುತ್ತಿದ್ದರು. ಇಲ್ಲಿ ಬಾಸ್ಟನ್ನಿನ ಯಾವುದೋ ಅಂಗಡಿಯಲ್ಲಿ ಧಾರವಾಡದವರು ಸಿಕ್ಕರೆ ನಾನು ಎಷ್ಟು ಹೊತ್ತು ಬಿಡುವುದಿಲ್ಲವೆಂದು ನಿಮಗೆ ಗೊತ್ತು. ಅಪೀರಿಯಸ್‌ಗೆ ಮ್ಯಾಥ್ಯೂಸ್ ಯಾರೆಂದು ಇತರರಿಗಿಂತ ಚೆನ್ನಾಗಿ ತಿಳಿದಿತ್ತು. ಊರಿನಲ್ಲಿ ಹಾಕಿದ್ದ ಗೆರೆಯನ್ನು ಈತ ಇಲ್ಲಿ ದಾಟಿದನೆಂಬುದೇ ಅವನಿಗೆ ಸಹಿಸಲಾಗದ ಮಾತಾಗಿತ್ತೆಂದು ನನಗೆ ತೋರುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. 1905ರ ಬೇಸಿಗೆಯಲ್ಲಿ ಮ್ಯಾಥ್ಯೂಸ್ ಉತ್ತರದ ವರ್ಮಾಂಟ್ ರಾಜ್ಯದ ಬರ್ಲಿಂಗ್‌ಟನ್ ತಂಡವನ್ನು ಸೇರಿ ಮೊದಲ ಬಾರಿಗೆ ಹಣಕ್ಕಾಗಿ ಆಡಿದರು. ನಾರ್ದರ್ನ್ ಲೀಗ್ ಎಂಬ ಆ ಪಂದ್ಯಾವಳಿ ಅಧಿಕೃತ ಬೇಸ್‌ಬಾಲ್ ವ್ಯವಸ್ಥೆಯ ಹೊರಗಿದ್ದುದರಿಂದಲೇ ಅವರಿಗೆ ಅಲ್ಲಿ ಅವಕಾಶವಾಯಿತು. ಒಳಗಿನ ಯಾವ ತಂಡವೂ ಆಗ ಕಪ್ಪು ಆಟಗಾರರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಅದೇ ಲೀಗಿನ ಇನ್ನೊಂದು ತಂಡದಲ್ಲಿ ಅಪೀರಿಯಸ್ ಇದ್ದ. ಅಲ್ಲಿಯೂ ಮ್ಯಾಥ್ಯೂಸ್ ಎದುರು ಆಡಲು ಒಲ್ಲೆನೆಂದ. ಪತ್ರಿಕೆಗಳು ವಾದ ಹೂಡಿದವು. ವರ್ಮಾಂಟಿನ ಜನ ಬಹುಮಟ್ಟಿಗೆ ಮ್ಯಾಥ್ಯೂಸ್ ಪರ ನಿಂತರು. ಆ ಜುಲೈನಲ್ಲಿಯೇ ದೇಶದ ಎರಡು ದೊಡ್ಡ ಲೀಗುಗಳಲ್ಲಿ ಒಂದಾದ ನ್ಯಾಷನಲ್ ಲೀಗಿನ ಬಾಸ್ಟನ್ ತಂಡ ಅವರನ್ನು ಸೇರಿಸಿಕೊಳ್ಳಲಿದೆ ಎಂಬ ಸುದ್ದಿ ಹಬ್ಬಿತು. ಆ ವರ್ಷ ಆ ತಂಡ 103 ಪಂದ್ಯಗಳನ್ನು ಸೋತು ಏಳನೆಯ ಸ್ಥಾನಕ್ಕೆ ಇಳಿದಿತ್ತು, ಆದ್ದರಿಂದ ಆಟಗಾರರ ಅಗತ್ಯವಂತೂ ಇತ್ತು. ಮ್ಯಾಥ್ಯೂಸ್ ಪತ್ರಿಕೆಯವರ ಮುಂದೆ ಅಂಜದೆ ಮಾತನಾಡಿದರು: ರಾಷ್ಟ್ರದ ಆಟವೆನ್ನಿಸಿಕೊಂಡದ್ದರಿಂದ ಕಪ್ಪು ಜನರನ್ನು ಹೊರಗಿಟ್ಟಿರುವುದು ನಾಚಿಕೆಗೇಡು, ಅಮೆರಿಕನ್ನರು ಇದರ ವಿರುದ್ಧ ಎದ್ದು ನಿಲ್ಲಬೇಕು ಎಂಬುದು ಅವರ ಮಾತಿನ ಸಾರ. ಸುದ್ದಿ ಸುದ್ದಿಯಾಗಿಯೇ ಉಳಿಯಿತು. ಬರ್ಲಿಂಗ್‌ಟನ್ನಿನಲ್ಲಿ ಅವರ ಸರಾಸರಿಯೂ ಕೊನೆಗೆ 0.248ಕ್ಕೆ, ಎಂದರೆ ಹತ್ತಕ್ಕೆ ಸುಮಾರು ಎರಡೂವರೆಗೆ, ಕುಸಿಯಿತು. ಆ ಬೇಸಿಗೆಯ ನಂತರ ಅವರು ವೃತ್ತಿಪರ ಬೇಸ್‌ಬಾಲ್ ಆಡಲೇ ಇಲ್ಲ. ಆಗ ಅವರಿಗೆ ಇಪ್ಪತ್ತೆಂಟು ವರ್ಷ.

ಇಲ್ಲಿಗೆ ಬಂದಾಗ ನೀವು ನನಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಪಾಲ್ವಂಕರ್ ಬಾಲೂ ಅವರ ಕಥೆ ನೆನಪಾಗದೆ ಇರಲಿಲ್ಲ. ನಮ್ಮ ಧಾರವಾಡದಲ್ಲಿಯೇ ಹುಟ್ಟಿದ ಅವರು ಮ್ಯಾಥ್ಯೂಸ್ ಅವರಿಗಿಂತ ಒಂದೆರಡು ವರ್ಷವಷ್ಟೇ ಹಿರಿಯರು. ಪುಣೆಯಲ್ಲಿ ಹಿಂದೂ ತಂಡಕ್ಕೆ ಅವರ ಎಡಗೈ ಸ್ಪಿನ್ ಬೇಕಿತ್ತು, ಆದರೆ ಚಹದ ಹೊತ್ತಿನಲ್ಲಿ ದಲಿತರಾದ ಅವರಿಗೆ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ ಚಹ. 1911ರಲ್ಲಿ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಅದು ಮುಂದೆ ಅವರ ತಮ್ಮ ವಿಠ್ಠಲರ ಪಾಲಿಗೆ ಬಂತು. ಬಾಲೂ ಅವರನ್ನು ಆಡಲು ಬಿಟ್ಟು ಜೊತೆಗೆ ಕೂಡಲು ಬಿಡಲಿಲ್ಲ, ಮ್ಯಾಥ್ಯೂಸ್ ಅವರನ್ನು ಹಾರ್ವರ್ಡಿನಲ್ಲಿ ಜೊತೆಗೆ ಕೂರಿಸಿಕೊಂಡು ದೊಡ್ಡ ಲೀಗಿನಲ್ಲಿ ಆಡಲು ಬಿಡಲಿಲ್ಲ. ಯಾವುದು ಹೆಚ್ಚು ಕಷ್ಟ ಎಂದು ನಿಮ್ಮನ್ನು ಕೇಳಬೇಕೆಂದಿದ್ದೇನೆ.

ಮ್ಯಾಥ್ಯೂಸ್ ಮುಂದೆ ಕಾನೂನು ಓದಿದರು. ಲೂಯಿಸ್ ನಡೆದ ದಾರಿಯನ್ನೇ ಹಿಡಿದು, 1913ರಲ್ಲಿ ಬಾಸ್ಟನ್ನಿನ ಕೇಂದ್ರ ಸರ್ಕಾರಿ ವಕೀಲರ ಕಚೇರಿಯಲ್ಲಿ ಸಹಾಯಕ ವಕೀಲರಾದರು. ಕೆಲಕಾಲ ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವೆಯವರ ಸಂಘಟನೆಗೂ ಕಾನೂನು ಸಲಹೆಗಾರರಾಗಿದ್ದರು. 1924ರ ಚುನಾವಣೆಯಲ್ಲಿ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಪರವಾಗಿ ಕಪ್ಪು ಮತದಾರರ ನಡುವೆ ಪ್ರಚಾರ ನಡೆಸಿ, ಅನಂತರ ಕೇಂದ್ರದ ನ್ಯಾಯ ಇಲಾಖೆಯಲ್ಲಿ ಹುದ್ದೆ ಪಡೆದರು. 1928ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ವಾಷಿಂಗ್ಟನ್ನಿನಲ್ಲಿ ತೀರಿಕೊಂಡರು. ಇದನ್ನೆಲ್ಲ ಸೇರಿಸಿ, ಬೇಸ್‌ಬಾಲ್ ತಪ್ಪಿದ್ದು ಒಳ್ಳೆಯದೇ ಆಯಿತೆಂದು ಹೇಳುವವರನ್ನು ಕಂಡಿದ್ದೇನೆ. ಆ ಮಾತನ್ನು ನಾನು ಒಪ್ಪಲಾರೆ. ಆಟವನ್ನು ಬಿಟ್ಟು ವಕೀಲಿ ಹಿಡಿದವನು ಬೇರೆ, ಆಟದಿಂದ ಹೊರಗಿಟ್ಟ ಮೇಲೆ ವಕೀಲಿ ಹಿಡಿದವನು ಬೇರೆ.

ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಪರ ಆಡಿ ದೊಡ್ಡ ಲೀಗಿನ ಆ ಗೆರೆಯನ್ನು ಅಳಿಸಿದ್ದು 1947ರಲ್ಲಿ. ಮ್ಯಾಥ್ಯೂಸ್ ಅವರನ್ನು ಸೇರಿಸಿಕೊಳ್ಳುತ್ತದೆಂದು ಸುದ್ದಿಯಾಗಿದ್ದ ಬಾಸ್ಟನ್ನಿನ ತಂಡದಲ್ಲಿ ಮೊದಲ ಕಪ್ಪು ಆಟಗಾರ, ಸ್ಯಾಮ್ ಜೆತ್ರೊ, ಆಡಿದ್ದು 1950ರಲ್ಲಿ. ಅಷ್ಟರಲ್ಲಿ ನಲವತ್ತೈದು ವರ್ಷ ಕಳೆದಿತ್ತು. ಇದೇ ಊರಿನ ಇನ್ನೊಂದು ತಂಡವಾದ ರೆಡ್ ಸಾಕ್ಸ್ 1959ರವರೆಗೆ ಕಾಯಿತು.

ಜುಲೈನಲ್ಲಿ ನನಗೆ ನಾಲ್ಕು ದಿನ ರಜೆ ಇದೆ. ಬರ್ಲಿಂಗ್‌ಟನ್ ಇಲ್ಲಿಂದ ಬಸ್ಸಿನಲ್ಲಿ ಒಂದು ಹಗಲಿನ ದಾರಿ. ಅಲ್ಲಿನ ಗ್ರಂಥಾಲಯದಲ್ಲಿ ಆ ಬೇಸಿಗೆಯ ಹಳೆಯ ಪತ್ರಿಕೆಗಳು ನೋಡಲು ಸಿಕ್ಕಿದರೆ, ಪಂದ್ಯದ ಪಟ್ಟಿಗಳನ್ನು ನಿಮಗಾಗಿ ಕೈಯಲ್ಲೇ ನಕಲು ಮಾಡಿಕೊಂಡು ಬರುತ್ತೇನೆ. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ನಮ್ಮ ಸ್ಕೋರ್ ಪುಸ್ತಕಗಳಿವೆ. ಮಳೆಗಾಲ ಹಿಡಿಯುವ ಮೊದಲು ಅವುಗಳನ್ನು ಕೆಳಗಿಳಿಸಿ ಬಿಸಿಲಿಗೆ ಹಾಕಿಸಿರಿ; ನೀವೇ ಏಣಿ ಹತ್ತಬೇಡಿ, ಬಸೂನನ್ನು ಕರೆಯಿರಿ. ಅವ್ವನಿಗೆ ನನ್ನ ನಮಸ್ಕಾರಗಳನ್ನು ತಿಳಿಸಿರಿ.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ಪ್ರೀತಿಯ ಮಗಳು